ಎಡಕ್ಕೇ ಎಳೆಯುವ ಹಳದಿ ಕಾರು

ಓಟ ಶುರುವಾದ ಸದ್ದು ಕೇಳಿಸಿದ್ದೇ ತಡ, ಆರ್ವಿಡ್ ಲಿಂಡ್‌ಕ್ವಿಸ್ಟನ ಪುಟ್ಟ ಹಳದಿ ರಿಮೋಟ್ ಕಾರು ಎಡಕ್ಕೆ ಎಳೆದುಕೊಂಡು ಹೋಗಿ ಅಂಚಿನ ಹಲಗೆಗೆ ಗುದ್ದಿತು. ಬಲಕ್ಕೆ ತಿರುಗಿಸಿದ. ನೆಟ್ಟಗಾಯಿತು. ಕೈ ಬಿಟ್ಟ — ಮತ್ತೆ ಎಡಕ್ಕೇ! ಬುಧವಾರ ಸರಿಯಾಗಿಯೇ ಓಡಿದ ಕಾರಿಗೆ ಶನಿವಾರ ಯಾವ ದೆವ್ವ ಹೊಕ್ಕಿತು?

ವಿಸ್ಕಾನ್ಸಿನ್‌ನ ಆ ಹಳೆಯ ಸ್ಕೇಟಿಂಗ್ ಹಾಲಿನಲ್ಲಿ ಸೇರುವ ರಿಮೋಟ್ ಕಾರು ಕ್ಲಬ್ಬಿಗೆ ಒಂದು ಕಠಿಣ ನಿಯಮವಿತ್ತು: ಕೇಳದೆ ಇನ್ನೊಬ್ಬರ ಕಾರು ಮುಟ್ಟಿದವರು ಕ್ಲಬ್ಬಿನಿಂದ ಹೊರಗೆ. ಬೆಳಿಗ್ಗೆ ಎಲ್ಲರೂ ಸಭೆಗೆ ಹೋದಾಗ ಚಕ್ಕರ್ ಹೊಡೆದು ಮೇಜಿನ ಬಳಿ ಉಳಿದವನು ರಾಸ್ಕೋ ಟೇಬರ್ ಒಬ್ಬನೇ. ಹನ್ನೊಂದು ವರ್ಷ ಒಂದೇ ಮೇಜು ಹಂಚಿಕೊಂಡವನು. ಆರ್ವಿಡ್ ಹಿಂದೆಮುಂದೆ ನೋಡದೆ, ಕಾರು ಕೆಡಿಸಿದವನೆಂದು ಅವನ ಹೆಸರು ಹೇಳಿಬಿಟ್ಟ.

ರಾಸ್ಕೋ ಸಾಮಾನು ಕಟ್ಟತೊಡಗಿದ.

"ನಿಲ್ಲೋ, ಇನ್ನೂ ತೀರ್ಪು ಕೊಟ್ಟಿಲ್ಲ," ಎಂದಳು ಮಾರ್ಲಿಸ್. ಕಾರು ತಪಾಸಣೆ ಅವಳ ಕೆಲಸ. ಮೂವತ್ತು ವರ್ಷ ಟಪಾಲು ಹಂಚಿ ನಿವೃತ್ತಳಾದವಳು. ಕಾರಿನ ಮೇಲ್ಕವಚ ತೆಗೆದು, ಮುಂದಿನ ಚಕ್ರ ತಿರುಗಿಸುವ ಸರ್ವೋ ಮೋಟಾರನ್ನೂ ಅದರ ತುದಿಯ ಹಲ್ಲುಗಳಿಗೆ ಸಿಕ್ಕಿಸಿದ್ದ ಪುಟ್ಟ ಪ್ಲಾಸ್ಟಿಕ್ ತೋಳನ್ನೂ ನೋಡಿದಳು. "ಇದರ ತೋಳು ಬಿಳಿ. ನಿಂದು ಕಪ್ಪಲ್ವಾ, ಆರ್ವಿಡ್?"

"ಕಪ್ಪೇ! ನೋಡಿದ್ರಾ? ಬದಲಾಯಿಸಿದ್ದಾನೆ!"

"ತೋಳು ಒಂದು ಹಲ್ಲಿನಷ್ಟು ಪಕ್ಕಕ್ಕೆ ಕೂತಿದೆ." ತೋಳಿನ ಸ್ಕ್ರೂ ತಿರುಗಿಸಲು ಹೋದಳು. ಜಪ್ಪಯ್ಯ ಅನ್ನಲಿಲ್ಲ. "ಸಭೆ ಎಷ್ಟು ಹೊತ್ತು ನಡೀತು?"

"ಹದಿನೈದು ನಿಮಿಷ."

"ಸ್ಕ್ರೂ ಸಡಿಲವಾಗದಿರ್ಲಿ ಅಂತ ನೀಲಿ ಅಂಟು ಹಾಕಿದ್ದಾರೆ. ಹೀಗೆ ಗಟ್ಟಿಯಾಗೋಕೆ ಒಂದು ರಾತ್ರಿ ಬೇಕು. ನಿನ್ನೆ ಕಾರು ಎಲ್ಲಿತ್ತು?"

"ನಮ್ಮನೆ ನೆಲಮಾಳಿಗೇಲಿ..." ಆರ್ವಿಡ್‌ಗೆ ತಲೆಬುಡ ತಿಳಿಯಲಿಲ್ಲ. ಬಿಳಿ ತೋಳು ಇದ್ದದ್ದೂ ಅಲ್ಲಿಯ ಡ್ರಾಯರಿನಲ್ಲೇ! ಮನೆಯಲ್ಲಿ ಇನ್ಯಾರಿದ್ದಾರೆ?

ಹಿಂದೆ ಸಾಸೇಜ್ ಬನ್ನು ಬಿಚ್ಚುತ್ತಿದ್ದ ಅವನ ಹೆಂಡತಿ ಡೆಲ್ಲಾಳ ಕೈ ನಿಂತಿತು.

"ಕಸ ಹೊಡೆಯೋವಾಗ ಕಾರು ಬಿದ್ದು ತೋಳು ಮುರೀತು," ಎಂದಳು. "ಬೈತಾರೆ ಅಂತ ನಾನೇ ಹೊಸದು ಹಾಕ್ದೆ. ಅಂಟೂ ಹಾಕ್ದೆ. ಸ್ವಲ್ಪ ವಾಲ್ತಿತ್ತು, ಚಕ್ರದ ಓರೆ ಸರಿಪಡಿಸೋಕೆ ರಿಮೋಟಿನಲ್ಲಿರೋ ಟ್ರಿಮ್ ತಿರುಪು ತಿರುಗಿಸಿ ನೆಟ್ಟಗೆ ಮಾಡಿದ್ದೆ. ಹಜಾರದುದ್ದಕ್ಕೂ ನೆಟ್ಟಗೇ ಓಡ್ತು ಕಣ್ರೀ! ಇದು ನನ್ನ ತಪ್ಪು ಹೇಗಾಗತ್ತೆ?"

"ಮತ್ತೆ ಇಲ್ಲಿ ವಾಲಿದ್ದು ಯಾಕೆ? ನಾನಂತೂ ಏನೂ ಮುಟ್ಟಿಲ್ಲ!" ಎಂದ ಆರ್ವಿಡ್.

"ಹೌದಾ?" ಮಾರ್ಲಿಸ್ ರಿಮೋಟಿನ ಆ ತಿರುಪು ತಿರುಗಿಸಿ ಕಾರು ಬಿಟ್ಟಳು. ನೆಟ್ಟಗೆ ಓಡಿತು. "ಈಗ ನೀನು ಓಡಿಸು."

ಆರ್ವಿಡ್ ರಿಮೋಟ್ ತೆಗೆದುಕೊಂಡ. ಕಾರು ಹೊರಟಿತು — ಎಡಕ್ಕೆ!

ಎಲ್ಲರೂ ಅವನ ಹೆಬ್ಬೆರಳನ್ನೇ ನೋಡುತ್ತಿದ್ದರು. ಆರ್ವಿಡ್ ಕೂಡ ನೋಡಿದ. ಅದು ತಿರುಪಿನ ಮೇಲೆ ಕೂತಿತ್ತು. ತಿರುಪಿನ ಗುರುತು ಮತ್ತೆ ನಟ್ಟನಡುವಿನ ಸೊನ್ನೆಗೆ ಬಂದಿತ್ತು.

"ರಿಮೋಟ್ ಕೈಗೆ ಬಂದ ತಕ್ಷಣ ತಿರುಪನ್ನ ಸೊನ್ನೆಗೆ ತರೋದು ಅವನ ಚಾಳಿ," ಎಂದಳು ಮಾರ್ಲಿಸ್. "ಕೈಗೆ ಅಭ್ಯಾಸ, ತಲೆಗೆ ಗೊತ್ತಿಲ್ಲ. ಡೆಲ್ಲಾ, ಕರೆಂಟ್ ಕೊಟ್ಟು ಸರ್ವೋ ನಡುವಿಗೆ ಬಂದ ಮೇಲೆ ತೋಳು ಕೂರಿಸ್ಬೇಕಿತ್ತು. ನೀನು ಹಾಗೇ ಕೂರಿಸಿ ಓರೆಯನ್ನ ತಿರುಪಿನಲ್ಲಿ ಮುಚ್ಚಿದೆ. ಇವನ ಹೆಬ್ಬೆರಳು ಅದನ್ನ ಬಿಚ್ಚಿಟ್ಟಿತು. ಕಾರು ಹಾಳು ಮಾಡಿದವರು ಗಂಡ-ಹೆಂಡತಿ ಇಬ್ಬರೇ."

ಆರ್ವಿಡ್‌ಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಬಾಗಿಲ ಬಳಿ ಪೆಟ್ಟಿಗೆ ಹೊತ್ತು ನಿಂತಿದ್ದ ರಾಸ್ಕೋನ ಹತ್ತಿರ ಹೋಗಿ, ಕಾರನ್ನು ಎರಡೂ ಕೈಯಲ್ಲಿ ಚಾಚಿದ.

"ತಪ್ಪಾಯ್ತು ಮಾರಾಯ. ಫೈನಲ್‌ಗೆ ಮುಂಚೆ ಈ ತೋಳು ನೀನೇ ಕೂರಿಸ್ಕೊಡು."

"ಇನ್ನೊಬ್ಬರ ಕಾರು ಮುಟ್ಟಬಾರದಲ್ವಾ?"

"ನಾನೇ ಕೇಳ್ತಾ ಇದೀನಲ್ಲೋ."

ರಾಸ್ಕೋ ಪೆಟ್ಟಿಗೆಯನ್ನು ಹಳೆಯ ಮೇಜಿನ ಮೇಲೆಯೇ ಇಳಿಸಿದ.

"ಕೂರಿಸ್ತೀನಿ. ಮೊದಲು ಆ ಹೆಬ್ಬೆರಳನ್ನ ಜೇಬಿನಲ್ಲಿಟ್ಕೋ."