ತಿರುಗಿಸಿ ಕಳಿಸಿದ ಚಿತ್ರ

ಶುಕ್ರವಾರ ಸಂಜೆಯೊಳಗೆ ಯಾವ ಸಾಫ್ಟ್‌ವೇರ್ ಎಂದು ಹೇಳಲೇಬೇಕು ಎಂದು ಲ್ಯಾಬಿನ ಮೇಡಂ ಕಟ್ಟಪ್ಪಣೆ ಮಾಡಿದರು.

"ಮೈಕ್ರೋಸ್ಕೋಪ್ ಚಿತ್ರದಲ್ಲಿ ಜೀವಕೋಶ ಎಣಿಸೋಕೆ ಒಂದು ಸಾಫ್ಟ್‌ವೇರ್ ಆರಿಸಮ್ಮ ಅಂದ್ರೆ ಮೂರು ತಿಂಗಳಾ? ಅಷ್ಟರಲ್ಲಿ ಮನೇನೇ ಕಟ್ಟಬಹುದಿತ್ತು!"

ನಾನು ತಲೆ ತಗ್ಗಿಸಿದೆ. ತಡಕ್ಕೆ ಕಾರಣ ಸಾಫ್ಟ್‌ವೇರ್ ಅಲ್ಲ, ಅದನ್ನು ತೋರಿಸಲು ಬರುವ ಕಂಪನಿಯವನು ಎಂದು ಯಾವ ಬಾಯಿಂದ ಹೇಳಲಿ? ಆಯ್ಕೆ ಮುಗಿದರೆ ಅವನು ಬರುವುದೂ ಮುಗಿಯಿತು. ಅದಕ್ಕೇ ವಾರಕ್ಕೊಂದು ಕುಂಟುನೆಪ. ಇಲ್ಲಿ ಎರಡು ಕೋಶಗಳನ್ನು ಒಂದೆಂದು ಎಣಿಸಿದೆ, ಅಲ್ಲಿ ಧೂಳನ್ನೂ ಕೋಶ ಎಂದಿದೆ. ದೂರು ಹೋದ ಮರುದಿನವೇ ಅವನು ಹಾಜರು.

ಅಂಥ ಬೆಳಿಗ್ಗೆಗಳಲ್ಲಿ ನಾನು ಕನ್ನಡಿ ಬಿಟ್ಟು ಕದಲುತ್ತಿರಲಿಲ್ಲ. "ಜೀವಕೋಶಗಳು ನಿನ್ನ ಮುಖ ನೋಡ್ತವೇನೇ?" ಎಂದು ಅಕ್ಕ ಕೆಣಕುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಅವನು ಬಂದ. ಮೈಕ್ರೋಸ್ಕೋಪ್ ಕೋಣೆಯ ಪರದೆ ಎಳೆದಿತ್ತು. ಸ್ಕ್ರೀನಿನ ಹಸಿರು ಬೆಳಕು ಅವನ ಕೆನ್ನೆಯ ಮೇಲಿತ್ತು. ನಾನು ಕೆನ್ನೆ ನೋಡಿದೆ. ಅವನು ತಿರುಗಿದ, ನಾನು ಕೀಬೋರ್ಡ್ ನೋಡಿದೆ.

"ಒಂದು ಮಾತು. ನಮ್ಮ ಸಾಫ್ಟ್‌ವೇರ್ ತಗೋಬೇಡಿ."

"ಏನಂದ್ರಿ?"

"ನಿಮ್ಮ ಕೋಶಗಳು ದುಂಡಗಿವೆ, ಹೆಚ್ಚಿನವು ಬಿಡಿಬಿಡಿಯಾಗಿವೆ. ಇವಕ್ಕೆ ಪುಕ್ಕಟೆ ಸಿಗೋ ಸಾಫ್ಟ್‌ವೇರೇ ಸಾಕು. ನಿನ್ನೆ ಓಡಿಸಿ ನೋಡ್ದೆ. ನೀವು ಕೈಯಲ್ಲಿ ಎಣಿಸಿದ್ದು ಇನ್ನೂರ ಹನ್ನೆರಡು, ಅದು ಎಣಿಸಿದ್ದು ಇನ್ನೂರ ಹನ್ನೊಂದು. ನಿಮಗೆ ಸುಳ್ಳು ಹೇಳಿ ಮಾರೋಕೆ ನನ್ನ ಕೈಲಾಗಲ್ಲ."

ಇಷ್ಟು ಒಳ್ಳೆಯವನಾಗಬೇಕಿತ್ತೇ, ಅದೂ ಇವತ್ತೇ?

"ಇರಿ, ಇನ್ನೊಂದು ದೂರಿದೆ," ಎಂದೆ ಗಡಿಬಿಡಿಯಲ್ಲಿ. "ಮೊನ್ನೆ ಹೊಸ ಚಿತ್ರ ಕಳಿಸಿದ್ನಲ್ಲ..."

ಅವನು ಎರಡು ಚಿತ್ರಗಳನ್ನು ಅಕ್ಕಪಕ್ಕ ತೆರೆದ. ಒಂದನ್ನು ಕಾಲು ಸುತ್ತು ತಿರುಗಿಸಿದ. ಎರಡೂ ಒಂದೇ.

"ಇದು ಹೋದ ತಿಂಗಳದ್ದು. ತಿರುಗಿಸಿ ಕಳಿಸಿದ್ದೀರಿ. ತೆಗೆದ ದಿನ, ಗಂಟೆ, ನಿಮಿಷ ಎಲ್ಲಾ ಫೈಲ್ ಒಳಗೇ ಬರೆದಿರುತ್ತೆ ಕಣ್ರೀ."

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಕಥೆಯಾಯಿತು ನನ್ನದು. ಕಿವಿಯವರೆಗೂ ಬಿಸಿಯೇರಿತು.

"ದೂರೆಲ್ಲ ಬರೀ ನೆಪ ಅಂತ ಯಾವಾಗ ಗೊತ್ತಾಯ್ತು?"

"ಎರಡನೇ ಸಲ ಕರೆದಾಗ್ಲೇ."

"ಮತ್ತೆ ಯಾಕೆ ಬಂದ್ರಿ?"

"ಮೂರನೇ ಸಲ ಕರೀಲಿ ಅಂತ."

ಈಗ ಕೀಬೋರ್ಡ್ ನೋಡುವ ಸರದಿ ಅವನದಾಯಿತು. ತುಟಿಯಂಚಿನ ನಗು ತಡೆಯಲು ಅವನು ಪಡುತ್ತಿದ್ದ ಪಾಡು ಕಂಡು ನನಗೆಲ್ಲಿಂದಲೋ ಧೈರ್ಯ ಬಂತು.

"ನಂಗೆ ನೀವು ಇಷ್ಟ," ಎಂದೆ. "ದೂರುಗಳೆಲ್ಲ ಸುಳ್ಳು. ಇದೊಂದೇ ನಿಜ."

"ನಂಗೂ," ಎಂದ. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ, ಗಟ್ಟಿಯಾಗಿ, "ನಂಗೂ ನೀವು ಇಷ್ಟ ಕಣ್ರೀ," ಎಂದ. ನನ್ನ ಕೈ ಅವನ ಕೈಯೊಳಗಿತ್ತು.

ಸಂಜೆ ಮೇಡಂ ಮುಂದೆ ನಿಂತು, ಪುಕ್ಕಟೆಯದೇ ಸಾಕು ಎಂದೆ. ಅವರು ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು.

"ಪಾಪ, ಹಾಗಾದ್ರೆ ಆ ಹುಡುಗ ಇನ್ನು ಬರೋದೇ ಇಲ್ವಾ?"

"ಬರ್ತಾರೆ ಮೇಡಂ. ಭಾನುವಾರ, ನಮ್ಮನೆಗೆ."