ಒಂಬತ್ತನೇ ಇಟ್ಟಿಗೆಯ ಬಾಣ

ಐದೂವರೆ ಕೋಟಿ ವರ್ಷಗಳ ಹಿಂದೆ ಭೂಮಿಗೆ ಜ್ವರ ಬಂದಿತ್ತು. ಅದು ಎಷ್ಟು ಬೇಗ ಏರಿತು, ಇಳಿಯಲು ಎಷ್ಟು ಕಾಲ ಹಿಡಿಯಿತು ಎಂದು ತಿಳಿದರೆ, ಮುಂದೆ ನಮಗೇನು ಕಾದಿದೆ ಎಂದು ಊಹಿಸಬಹುದು. ಅದರ ಉತ್ತರ ಒಂದು ಕಣಿವೆಯ ಕೆಂಪು ಜೇಡಿಗೋಡೆಯಲ್ಲಿ, ಪದರಪದರವಾಗಿ ಇತ್ತು. ಒಂದರ ಕೆಳಗೊಂದು, ಇಟ್ಟಿಗೆಯಾಕಾರದ ಒಂಬತ್ತು ಜೇಡಿತುಂಡು ಕೊಯ್ದು ತರುವುದು ಭೂವಿಜ್ಞಾನಿಯ ಕೆಲಸ; ಅವಳನ್ನು ಹಗ್ಗದಲ್ಲಿ ಇಳಿಸಿ ಎತ್ತುವುದು ಹಗ್ಗದಣ್ಣನ ಕೆಲಸ.

ಹಿಂದೆಲ್ಲ ಗರಗಸ ಹಿಡಿಯಲು ಮೇಸ್ತ್ರಿ ಇರುತ್ತಿದ್ದ. ಹನ್ನೊಂದು ವರ್ಷ, ಪ್ರತಿ ಇಟ್ಟಿಗೆ ಕಳಚುವ ಮೊದಲು ಗರಗಸ ನಿಲ್ಲಿಸಿ "ಬಾಣ?" ಎನ್ನುತ್ತಿದ್ದ. "ಮೇಲಕ್ಕೆ" ಎಂದು ಇವಳು ಮೇಲ್ತುದಿ ತೋರಿಸುವ ಬಾಣವನ್ನು ಮಸಿಯಲ್ಲಿ ಗುರುತು ಹಾಕುತ್ತಿದ್ದಳು. ಹೋದ ಚಳಿಗಾಲದಲ್ಲಿ ಮೇಸ್ತ್ರಿ ತೀರಿಕೊಂಡ.

ನಾಲ್ಕು ದಿನ ಅವಳೊಬ್ಬಳೇ ನೇತಾಡುತ್ತ ಕೊಯ್ದಳು. ಕಣಿವೆಯಲ್ಲಿ ಹಕ್ಕಿಯ ಸದ್ದೂ ಇರಲಿಲ್ಲ. ಅವಳ ಕೆಮ್ಮು ಎದುರು ಗೋಡೆಗೆ ತಾಗಿ ಅವಳಿಗೇ ಮರಳುತ್ತಿತ್ತು. ಐದನೇ ದಿನ ದೂರದಲ್ಲೆಲ್ಲೋ ಮಳೆಯಾಗಿ ಹೊಳೆ ಏರತೊಡಗಿತು. ತಳದ ಒಂಬತ್ತನೇ ಇಟ್ಟಿಗೆಯನ್ನು ಅವಸರದಲ್ಲಿ ಕಿತ್ತುಕೊಂಡು ಮೇಲೆ ಬಂದಳು.

ಇಟ್ಟಿಗೆಗೆ ಬಟ್ಟೆ ಸುತ್ತುವಾಗ ಕೈ ನಿಂತಿತು.

ಎಂಟಕ್ಕೂ ತಾನೇ ನೆನಪಿಟ್ಟು ಹಾಕಿದ್ದ ಬಾಣ ಇದಕ್ಕಿಲ್ಲ. ಈ ಸಲ ಯಾರೂ ಕೇಳಿರಲಿಲ್ಲ.

ಜ್ವರ ಏರಿದ ಹೊತ್ತು ಅದರೊಳಗಿತ್ತು. ಕಣ್ಣಿಗೆ ಮಾತ್ರ ಎರಡೂ ತುದಿ ಒಂದೇ ಕೆಂಪು. ತಲೆಕೆಳಗಾಗಿಸಿ ಓದಿದರೆ ಏರಿಕೆ ಇಳಿಕೆಯಾಗುತ್ತದೆ.

"ಬಿಸಿ ದಿಢೀರ್ ಏರ್ತು ಅಂತ ನೀವೇ ಹೇಳ್ತಿದ್ರಲ್ಲ ಮೇಡಂ, ಹಾಗೇ ಹೊಂದಿಸ್ಕೊಂಡ್ರಾಯ್ತು," ಎಂದ ಹಗ್ಗದಣ್ಣ.

"ಉತ್ತರ ನೋಡ್ಕೊಂಡು ಲೆಕ್ಕ ಮಾಡಿದ್ರೆ ಅದು ಲೆಕ್ಕಾನಾ ಅಣ್ಣಾ? ಇಳಿಸಿ ನನ್ನ. ಇಟ್ಟಿಗೇನೂ ಬೆನ್ನಿಗೆ ಕಟ್ಟಿ."

"ಒಂದು ಹಿಡಿ ಮಣ್ಣಿಗೆ ಜೀವ ಕೊಡ್ತೀರಾ?"

"ಕೊಡಲ್ಲ. ಮೂರು ಸಲ ಜಗ್ತೀನಿ, ಎಳ್ಕೊಳ್ಳಿ. ಲಂಗರಿಗೆ ನಿಮ್ಮ ಹೊಟ್ಟೆ ಇದ್ಯಲ್ಲ!"

ಹೊಳೆ ಮೊಣಕಾಲಿಗೆ ಬಡಿಯಿತು. ಇಟ್ಟಿಗೆ ಕಿತ್ತ ಗೂಡು ಅರ್ಧ ಮುಳುಗಿತ್ತು. ಅವಳು ಇಟ್ಟಿಗೆಯ ಒಡೆದ ಬೆನ್ನನ್ನು ಗೋಡೆಯ ಒಡಕಿಗೆ ಒತ್ತಿದಳು. ಕೂರಲಿಲ್ಲ. ಮರದ ದಿಮ್ಮಿಯೊಂದು ಭುಜಕ್ಕೆ ಅಪ್ಪಳಿಸಿತು. ಹಗ್ಗ ಗಿರಕಿ ಹೊಡೆಯಿತು. ಹಲ್ಲು ಕಚ್ಚಿ ಇಟ್ಟಿಗೆ ತಿರುಗಿಸಿ ಮತ್ತೆ ಒತ್ತಿದಳು.

ಬೀಗಕ್ಕೆ ಕೀಲಿಯಂತೆ ಕೂತಿತು.

"ಬಾಣ?" ಎಂದು ತಾನೇ ಕೂಗಿದಳು. ನೀರಿನ ಮೊರೆತದಲ್ಲಿ ತಾನೇ ಉತ್ತರ ಕೊಟ್ಟಳು. ಗುರುತು ಹಾಕಿ, ಮೂರು ಸಲ ಜಗ್ಗಿದಳು.

ಏಳು ತಿಂಗಳ ನಂತರ ಪ್ರಯೋಗಾಲಯದಿಂದ ಹಗ್ಗದಣ್ಣನಿಗೆ ಫೋನ್ ಮಾಡಿದಳು. "ಏರೋಕೆ ಕೆಲವೇ ಸಾವಿರ ವರ್ಷ ಅಣ್ಣಾ. ಇಳಿಯೋಕೆ ಲಕ್ಷ ದಾಟಿದೆ."

"ಈಗ ನಾವು?"

"ಅದಕ್ಕಿಂತ ಬೇಗ ಏರ್ತಿದೀವಿ."

ಹಗ್ಗದಣ್ಣ ಮಾತು ಬದಲಿಸಿದ. "ಅವತ್ತು ಕೆಳಗೆ ಯಾರ ಹತ್ರ ಮಾತಾಡ್ತಿದ್ರಿ?"

ಮೇಸ್ತ್ರಿ ಪ್ರತಿ ಇಟ್ಟಿಗೆಗೂ ಕೇಳುತ್ತಿದ್ದ ಪ್ರಶ್ನೆಯನ್ನು ಅವಳು ಹೇಳಿದಳು.

"ಸರಿ. ಮುಂದಿನ ಸಲ ನಾನೇ ಮೇಲಿಂದ ಕೂಗ್ತೀನಿ," ಎಂದ.