ಹೊನ್ನುವಿನ ಓಟು

ಚಪ್ಪಾಳೆ ಬಿದ್ದದ್ದು ಯಾಕೆಂದು ಹೊನ್ನುವಿಗೆ ಒಂದು ಗಳಿಗೆ ತಿಳಿಯಲೇ ಇಲ್ಲ.

ಕಾರವಾರದ ಸಭಾಭವನದ ವೇದಿಕೆ. ಅವಳ ಕೊರಳಲ್ಲಿ ಸನ್ಮಾನದ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಮೈಕಿನ ಮುಂದೆ ರೋಷನ ನಿಂತಿದ್ದ. ಬಿಳಿ ಶರ್ಟಿನ ತೋಳು ಮಡಚಿಕೊಂಡು, ಹಣೆಗೆ ಬಿದ್ದ ಕೂದಲನ್ನು ಹಿಂದಕ್ಕೆ ತಳ್ಳಿ, ಅವಳ ಕಡೆ ತಿರುಗಿ ಕಣ್ಣಲ್ಲೇ ನಕ್ಕ. ಯಾರಿಗೂ ಕಾಣದಂತೆ ಅವಳಿಗಷ್ಟೇ ಕೊಡುವ ನಗು ಅದು. ಅವಳ ಎದೆ ಎಂದಿನಂತೆ ಹಗುರವಾಯಿತು. ಅವನ ಮಾತು ಒಳಗೆ ಇಳಿದದ್ದು ಆಮೇಲೆ.

"ನಮ್ಮ ಹೊನ್ನುವಿನ ಓಟು ಸಹಾನಿ ಸಾಹೇಬರಿಗೆ! ಇದು ಕಾರವಾರ ಕೊಟ್ಟ ಮಾತು!"

ಅವಳು ಯಾರಿಗೂ ಮಾತು ಕೊಟ್ಟಿರಲಿಲ್ಲ. ಅವನು ಕೇಳಿಯೂ ಇರಲಿಲ್ಲ.

ವಿಶ್ವ ಹಗ್ಗಜಗ್ಗಾಟ ಪರಿಷತ್ತಿಗೆ ಹೊಸ ಅಧ್ಯಕ್ಷರನ್ನು ಆರಿಸುವ ಕಾಲ. ಒಂದೊಂದು ದೇಶದ ಸಂಘಕ್ಕೆ ಒಂದೊಂದು ಓಟು. ಆಟಗಾರರ ಪ್ರತಿನಿಧಿಗಳಿಗೂ ಓಟು. ಏಷ್ಯಾದ ಆಟಗಾರ್ತಿಯರೆಲ್ಲ ಸೇರಿ ತಮ್ಮ ಪ್ರತಿನಿಧಿಯಾಗಿ ಆರಿಸಿದ್ದು ಅಂಕೋಲೆ ತಾಲೂಕಿನ ಅಗಸೂರಿನ ಹೊನ್ನುವನ್ನು. ಗದ್ದೆಯ ಕೆಸರಿನಲ್ಲಿ ಕಾಲೂರಿ ಬೆಳೆದ ಹುಡುಗಿ. ತಂಡದ ಸಾಲಿನ ಕಟ್ಟಕಡೆಗೆ ನಿಂತು ಎಲ್ಲರ ಭಾರ ತಡೆಯುವವಳು. ಹೊಟ್ಟೆಪಾಡಿಗೆ ಅಂಕೋಲೆಯ ಶಾಲೆಯೊಂದರಲ್ಲಿ ಆಟದ ಟೀಚರ್. ಕಣದಲ್ಲಿದ್ದವರು ಇಬ್ಬರು: ದಿಲ್ಲಿಯ ಉದ್ಯಮಿ ಸಹಾನಿ, ಐರ್ಲೆಂಡಿನ ಹಳೆಯ ಆಟಗಾರ್ತಿ ಮೊಯ್ರಾ.

ರೋಷನ ಅವಳ ತಂಡದ ಕೋಚ್. ಕಾರವಾರದ ಮೀನುಗಾರ ತುಳಸಿದಾಸನ ಮಗ. ಅಂಗಳದಂಚಿನಲ್ಲಿ ಬಗ್ಗಿ ಕುಳಿತು ಅವನು "ಹೊನ್ನೂ, ಹಿಡಿ!" ಎಂದು ಕೂಗಿದರೆ ಅವಳ ಕಾಲು ನೆಲದೊಳಗೆ ಬೇರುಬಿಡುತ್ತಿತ್ತು. ಆಟ ಮುಗಿದ ಮೇಲೆ ಅದೇ ದನಿ ಮೆತ್ತಗಾಗಿ, "ಹಸಿವಾಯ್ತಾ?" ಎನ್ನುತ್ತಿತ್ತು. ಪ್ರೀತಿ ಹುಟ್ಟಿದ್ದು ಯಾವ ಕೂಗಿಗೋ ಯಾವ ಪಿಸುಮಾತಿಗೋ, ಅವಳಿಗೂ ಗೊತ್ತಿರಲಿಲ್ಲ.

ಈಗ ಸಭಾಭವನದ ಹಿಂಬಾಗಿಲಲ್ಲಿ ಅವಳು ಹಾರವನ್ನು ಕಿತ್ತು ಅವನ ಕೈಗೆ ತುರುಕಿದಳು.

"ನನ್ ಓಟು ಹಂಚೂಕೆ ನೀ ಯಾರು?"

"ಅರೇ, ಸಿಟ್ಟು ಮಾಡಬ್ಯಾಡ ಗೋ. ಎಲ್ಲರ ಎದುರಿಗೆ..."

"ಎಲ್ಲರ ಎದುರಿಗೆ ಹೇಳ್ದವ ನೀನು. ನಾನಲ್ಲ."

"ಸಹಾನಿ ಗೆದ್ರೆ ಕಾರವಾರಕ್ಕೆ ತರಬೇತಿ ಕೇಂದ್ರ ಬರ್ತದೆ. ಹೆಡ್ ಕೋಚ್ ನಾನು. ಪರ್ಮನೆಂಟ್!" ಅವನು ದನಿ ತಗ್ಗಿಸಿದ. "ನಿನ್ನ ಅಪ್ಪ ಎಂತಾ ಅಂದಿದ್ರು? ನೌಕರಿ ಇಲ್ದವಂಗೆ ಹೆಣ್ಣಿಲ್ಲ ಅಂದ್ರಲ್ದಾ? ಇದು ನಮ್ಮಿಬ್ಬರಿಗಾಗೇ ಮಾರಾಯ್ತಿ."

ಅವನ ಕಣ್ಣಲ್ಲಿ ಆಸೆ ಹೊಳೆಯುತ್ತಿತ್ತು. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು.

"ಲತಾನ ಕೈ ನೆನಪಿಲ್ವಾ ನಿಂಗೆ?"

ಆ ಹೊಳಪು ಆರಿತು. ಅವನು ತಲೆ ತಗ್ಗಿಸಿ ಕೈಯಲ್ಲಿದ್ದ ಹಾರದ ಹೂ ಕೀಳತೊಡಗಿದ.

ಲತಾ ಅವನ ತಂಗಿ. ಸಾಲಿನಲ್ಲಿ ಹೊನ್ನುವಿನ ಮುಂದೆಯೇ ನಿಲ್ಲುತ್ತಿದ್ದವಳು. ಎರಡು ವರ್ಷದ ಹಿಂದೆ ಉತ್ತರದ ಊರೊಂದರಲ್ಲಿ ನಡೆದ ವಿಶ್ವ ಪಂದ್ಯದಲ್ಲಿ ಸವೆದ ಹಗ್ಗ ನಡುವೆ ಹರಿದು ಚಾಟಿಯಂತೆ ಹೊಡೆದಿತ್ತು. ಲತಾಳ ಬಲಗೈಯ ಎರಡು ಬೆರಳು ಹೋದವು. ಪಂದ್ಯ ಏರ್ಪಡಿಸಿದ್ದು ಸಹಾನಿ, ವಿಚಾರಣೆ ಮಾಡಿದ್ದೂ ಸಹಾನಿ. ಹಗ್ಗದ ತಪ್ಪಲ್ಲ, ಹುಡುಗಿ ನಿಯಮ ಮೀರಿ ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದಳು ಎಂದು ಪರಿಷತ್ತು ತೀರ್ಮಾನಿಸಿತು. ಹಿಂದೆಯೇ ನಿಂತಿದ್ದ ಹೊನ್ನು ನೋಡಿದ್ದಳು. ಸುತ್ತಿಕೊಂಡಿರಲಿಲ್ಲ. ಅದನ್ನು ಕೂಗಿ ಹೇಳಿದ್ದಳು ಕೂಡ. ಯಾರೂ ಬರೆದುಕೊಳ್ಳಲಿಲ್ಲ.

ಮರುದಿನ ಅವಳು ಕಾರವಾರದ ಮೀನುಪೇಟೆಗೆ ಹೋದಳು. ಲತಾ ತಾಯಿ ಮಾದೇವಿಯ ಪಕ್ಕದಲ್ಲಿ ಕುಳಿತು, ಉಳಿದ ಬೆರಳುಗಳಿಂದಲೇ ಬಂಗಡೆ ಎಣಿಸಿ ಕೊಡುತ್ತಿದ್ದಳು.

"ಅವಂಗೇ ಓಟು ಹಾಕು," ಎಂದಳು ಲತಾ, ತಲೆಯೆತ್ತದೆ. "ನನ್ ಬೆರಳು ಇನ್ನು ಬರೂದಿಲ್ಲ. ನಿಮ್ ಮದ್ವೆ ಆದ್ರೂ ಆಗ್ಲಿ."

"ನೀನೂ ಹಿಂಗೇ ಹೇಳ್ತ್ಯಾ?"

"ಮತ್ತೆಂತಾ ಹೇಳೂದು? ನಮ್ ಅಣ್ಣ ಊಟ ಬಿಟ್ಟು ಕೂತಾನೆ."

"ಕೂರಲಿ! ಒಂದು ದಿವಸ ಉಪಾಸ ಬಿದ್ರೆ ಸಾಯೂದಿಲ್ಲ!"

ಕೊಳ್ಳಲು ಬಂದವರು ತಿರುಗಿ ನೋಡಿದರು. ಮಾದೇವಿ ಮಾತ್ರ ಸೆರಗಿನಿಂದ ಹೊನ್ನುವಿನ ಹಣೆಯ ಬೆವರು ಒರೆಸಿದಳು. ಅಳು ಬಂದಂತಾಯಿತು. ಅಳುವುದಕ್ಕಿಂತ ಸಿಟ್ಟು ಮಾಡುವುದೇ ಸುಲಭ ಎನ್ನಿಸಿ ಹೊನ್ನು ದಡದಡನೆ ಎದ್ದು ಹೋದಳು.

ಅದೇ ವಾರ ಸಹಾನಿ ತಾನಾಗಿ ಕಾರವಾರಕ್ಕೆ ಬಂದ. ಕಡಲ ದಂಡೆಯ ಹೋಟೆಲಿನಲ್ಲಿ ಮಧ್ಯಾಹ್ನದ ಊಟ. ಹೊನ್ನು, ರೋಷನ ಇಬ್ಬರಿಗೂ ಕರೆ.

ಹೊನ್ನು ನೀಲಿ ಸೀರೆಯುಟ್ಟು ಬಂದಿದ್ದಳು. ರೋಷನ ಕುರ್ಚಿಯಿಂದ ಎದ್ದವನು ಕೂರುವುದನ್ನೇ ಮರೆತ. ಅವನ ನೋಟ ಅವಳ ಕಿವಿಯ ಹಿಂದೆ ಸಿಕ್ಕಿಸಿದ ಅಬ್ಬಲಿಗೆಯಿಂದ ಹೆಗಲಿಗೆ, ಹೆಗಲಿನಿಂದ ಬಳೆಗೆ ಇಳಿದು, ಬಿಗಿದ ಮುಷ್ಟಿಯ ಹತ್ತಿರ ಬಂದು ಹೆದರಿ ನಿಂತಿತು.

"ಚಂದ ಕಾಣ್ತೆ," ಎಂದ ಮೆಲ್ಲಗೆ.

"ನಿಂಗೋಸ್ಕರ ಉಟ್ಟದ್ದಲ್ಲ."

"ಗೊತ್ತದೆ. ಆದ್ರೂ ಹೇಳ್ದೆ."

ಅವಳಿಗೆ ನಗು ಬಂದುಬಿಡುವುದರಲ್ಲಿತ್ತು. ಹಲ್ಲು ಕಚ್ಚಿ ತಡೆದಳು.

ಸಹಾನಿ ಬಹಳ ನಯದ ಮನುಷ್ಯ. ಹೊನ್ನುವಿನ ತಟ್ಟೆಗೆ ತಾನೇ ಇಸ್ವಣ ಮೀನಿನ ತುಂಡು ಬಡಿಸಿದ. ದೇಶದ ಮಾನ, ಹೆಣ್ಣುಮಕ್ಕಳ ಭವಿಷ್ಯ, ಕಾರವಾರದ ಕೇಂದ್ರ ಎಂದು ಹಿಂದಿಯಲ್ಲಿ ಹೇಳುತ್ತ ಹೋದ. ರೋಷನ ಒಂದೊಂದನ್ನೂ ಕನ್ನಡಕ್ಕೆ ತರುತ್ತಿದ್ದ. ಹೊನ್ನುವಿಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ಆದರೂ ಬೇಡ ಎನ್ನಲಿಲ್ಲ.

"ಕೇಳು ಅವರನ್ನ," ಎಂದಳು ಕೊನೆಗೆ. "ಆ ದಿವಸ ಬೆರಳು ಹೋತಲ್ಲ, ಆ ಹುಡುಗಿ ತಪ್ಪು ಮಾಡ್ಲಿಲ್ಲ ಅಂತ ಈಗಾದ್ರೂ ಹೇಳ್ತಾರಾ?"

ರೋಷನನ ಮುಖ ಬಿಳಿಚಿತು. ಕೇಳಿದ. ಸಹಾನಿ ನೆನಪಿಗೆ ತಂದುಕೊಳ್ಳುವವನಂತೆ ಕಣ್ಣು ಕಿರಿದುಮಾಡಿ, ನಕ್ಕು, ಏನೋ ಹೇಳಿ ಮೀನು ಬಿಡಿಸತೊಡಗಿದ.

ಹೊನ್ನುವಿಗೆ ಪ್ರತಿ ಅಕ್ಷರವೂ ಅರ್ಥವಾಗಿತ್ತು. ಅವಳು ರೋಷನನ ಕಡೆ ತಿರುಗಿದಳು. "ಎಂತಾ ಅಂದ್ರು? ಕನ್ನಡದಾಗೆ ಹೇಳು."

"ಏನಿಲ್ಲ. ಬೇಜಾರಿನ ವಿಷಯ ಅಂತಾರೆ."

"ಪೂರಾ ಹೇಳು."

"ಹೊನ್ನೂ..."

"ನಾ ಆಡದ ಮಾತು ಊರಿಗೆಲ್ಲ ಕೇಳೂ ಹಂಗೆ ಮೈಕಿನಾಗೆ ಹೇಳ್ದವ ಅಲ್ದಾ ನೀನು? ಇದನ್ನೂ ಹೇಳು."

ಅವನು ನೀರಿನ ಲೋಟ ಹಿಡಿದುಕೊಂಡ. "ಆ ಹುಡುಗಿ... ಆ ಹುಡುಗಿ ದಡ್ಡಿ ಅಂತಾರೆ."

"ಮತ್ತೆ?"

"ಕ್ಯಾಮೆರಾ ಕಂಡು ಮೆರೀಲಿಕ್ಕೆ ಹೋಗಿ ಬೆರಳು..." ಇಡೀ ಮೈದಾನಕ್ಕೆ ಕೇಳುತ್ತಿದ್ದ ದನಿ ಮೇಜಿನಾಚೆಗೂ ಹೋಗಲಿಲ್ಲ. "ಅಂಥವರಿಗೆ... ಅಂಥವರಿಗೆ..." ಅಷ್ಟೇ. ಮುಂದಿನದು ಅವನ ಬಾಯಲ್ಲಿ ಹೊರಡಲಿಲ್ಲ.

ಅವನು ಸಹಾನಿಯ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದ: "ಸರ್, ಆ ಹುಡುಗಿ ನನ್ನ ತಂಗಿ."

ಇಷ್ಟು ದಿನ ಇದನ್ನು ಅವನು ಸಹಾನಿಯಿಂದ ಬಚ್ಚಿಟ್ಟಿದ್ದ ಎಂದು ಹೊನ್ನುವಿಗೆ ತಿಳಿದದ್ದು ಆಗಲೇ. ಕಪಾಳಕ್ಕೆ ಬಿದ್ದಂತಾಯಿತು.

ಸಹಾನಿ ಒಂದು ಕ್ಷಣ ಕೈ ತಡೆದ. "ಓಹ್, ಸಾರಿ. ಆದರೆ ನಿನ್ನ ಪೋಸ್ಟಿಗೆ ಅದೇನೂ ಅಡ್ಡಿಯಿಲ್ಲ. ಕೂತು ಊಟ ಮಾಡು."

ರೋಷನ ತಟ್ಟೆಯನ್ನು ಮುಂದಕ್ಕೆ ತಳ್ಳಿ ಎದ್ದ. "ನನಗೆ ಆ ಪೋಸ್ಟು ಬೇಡ ಸರ್," ಎಂದು ಬಾಗಿಲು ದಾಟಿ ಹೋದ. ಹೊನ್ನುವಿನ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಅವಳೂ ಎದ್ದು ನಿಂತು ಶುದ್ಧ ಹಿಂದಿಯಲ್ಲಿ ಹೇಳಿದಳು: "ನನ್ನ ಓಟು ನಿಮಗಿಲ್ಲ."

"ಒಂದು ಓಟಿನಿಂದ ಏನಾಗುತ್ತೆ ಬೇಟಿ?"

"ಮತ್ತೆ ದಿಲ್ಲಿಯಿಂದ ಇಲ್ಲಿತನಕ ಯಾಕೆ ಬಂದಿರಿ?"

ಹೊರಗೆ ಬಿಸಿಲಿಗೆ ಸಮುದ್ರ ಕಣ್ಣು ಕುಕ್ಕುತ್ತಿತ್ತು. ದೂರದಲ್ಲಿ ಗಾಳಿಮರಗಳ ಕೆಳಗೆ ರೋಷನ ಬೆನ್ನು ಮಾಡಿ ನಿಂತಿದ್ದ. ಓಡಿ ಹೋಗಿ ಆ ಬೆನ್ನಿಗೆ ತಲೆಯಾನಿಸಬೇಕು ಎನ್ನಿಸಿತು. ಗುದ್ದಬೇಕು ಎಂದೂ ಎನ್ನಿಸಿತು. ಎರಡನ್ನೂ ಮಾಡದೆ ರಿಕ್ಷಾ ಹತ್ತಿ ಬಸ್‌ಸ್ಟ್ಯಾಂಡಿಗೆ ಹೊರಟಳು. ಆಮೇಲೆ ಅವನು ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಫೋನ್ ಸುಮ್ಮನಾದ ದಿನ ಅದಕ್ಕೂ ಅವಳಿಗೆ ಸಿಟ್ಟು ಬಂತು.

ಚುನಾವಣೆ ಶನಿವಾರ. ಸಭೆ ಯುರೋಪಿನಲ್ಲಿ, ದೂರದವರು ಆನ್‌ಲೈನಿನಲ್ಲಿ ಓಟು ಹಾಕಬಹುದಿತ್ತು. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಹೊನ್ನು ಒಬ್ಬಳೇ ಕುಳಿತಿದ್ದಳು. ಬಾಗಿಲು ಸರಿದ ಸದ್ದು. ಲತಾ.

"ಕಾರವಾರದಿಂದ ನಿಂತ್ಕಂಡೇ ಬಂದೆ. ಸೀಟಿರ್ಲಿಲ್ಲ," ಎನ್ನುತ್ತ ಪಕ್ಕದ ಕುರ್ಚಿ ಎಳೆದುಕೊಂಡಳು. ಆಮೇಲೆ ಒಮ್ಮೆಲೇ, "ಆ ದಿವಸ ಪೇಟೆಯಾಗೆ ಹೇಳ್ದದ್ದು ಸುಳ್ಳು. ನಂಗೂ ಸಿಟ್ಟದೆ ಹೊನ್ನು. ಬಾಳ ಸಿಟ್ಟದೆ. ಹೇಳೂಕೆ ಜಾಗ ಇರ್ಲಿಲ್ಲ."

ಹೊನ್ನು ಅವಳ ಬಲಗೈಯನ್ನು ಎತ್ತಿ ತನ್ನ ಕೈಯ ಮೇಲಿಟ್ಟುಕೊಂಡಳು. ಮೊಯ್ರಾಳ ಹೆಸರನ್ನು ಇಬ್ಬರೂ ಸೇರಿ ಒತ್ತಿದರು.

ಸಹಾನಿ ಗೆದ್ದ. ಆರಾಮಾಗಿಯೇ ಗೆದ್ದ. ಪರದೆಯ ಮೇಲೆ ಹೂಗುಚ್ಛ ಹಿಡಿದು, ಆಟಗಾರರ ಸುರಕ್ಷತೆಯೇ ತನ್ನ ಮೊದಲ ಕೆಲಸ ಎಂದ. ಲತಾ ಕೊಂಕಣಿಯಲ್ಲಿ ಎಂಥ ಬೈಗುಳ ಬೈದಳೆಂದರೆ, ಹೊನ್ನು ಬೆಚ್ಚಿಬಿದ್ದು ಕಿಟಕಿ ಮುಚ್ಚಿದಳು. ಇಬ್ಬರಿಗೂ ನಗು ಬಂತು. ನಗುತ್ತಲೇ ಇಬ್ಬರೂ ಅತ್ತರು.

"ನಿನ್ ಅಣ್ಣ ಎಲ್ಲಿ?" ಕಣ್ಣೊರೆಸಿಕೊಂಡು ಹೊನ್ನು ಕೇಳಿದಳು.

"ಅಪ್ಪನ ಜೊತಿಗೆ ದೋಣಿಗೆ ಹೋಗ್ತಾನೆ. ಮಾತಿಲ್ಲ, ಕತೆಯಿಲ್ಲ. ಬಂದವ ನನ್ ಎದುರಿಗೆ ಕೂತು ಅತ್ತ ಒಂದಿನ."

"ನಡಿ," ಎಂದಳು ಹೊನ್ನು.

ಕಾರವಾರದ ಬೈತಖೋಲದ ಧಕ್ಕೆಯಲ್ಲಿ ದೋಣಿಗಳು ಬಂದು ನಿಂತಿದ್ದವು. ರೋಷನ ತಂದೆಯ ಜೊತೆ ಬಲೆ ಕೊಡವುತ್ತಿದ್ದ. ಮೈತುಂಬ ಉಪ್ಪುನೀರು, ಕೆನ್ನೆಗೆ ಅಂಟಿದ ಮೀನಿನ ಹುರುಪೆ. ಅವಳನ್ನು ಕಂಡದ್ದೇ ಕೈಯಿಂದ ಬಲೆ ಜಾರಿತು. ತುಳಸಿದಾಸ ಇಬ್ಬರನ್ನೂ ಒಮ್ಮೆ ನೋಡಿ, ಲತಾಳನ್ನು ಕರೆದುಕೊಂಡು ಮಂಜುಗಡ್ಡೆಯ ಪೆಟ್ಟಿಗೆಗಳ ಆಚೆ ಹೋದ.

"ಸೋತ್ವಿ," ಎಂದಳು ಹೊನ್ನು.

"ಕೇಳ್ದೆ."

"ತಂಗಿನ ಬಚ್ಚಿಟ್ಟು ನನ್ನ ಕಟ್ಕಂಬೂಕೆ ಹೊರಟಿದ್ಯಲ್ಲೋ! ನಾಚ್ಕೆ ಆಗ್ಲಿಲ್ವಾ?"

"ಆತು. ದಿನಾ ಆತು." ಅವನು ತಲೆಯೆತ್ತಿದ. "ನಿನ್ನ ಕಳ್ಕಂತ್ನೇನೋ ಅಂತ ಹೆದ್ರಿಕೆ, ಹೊನ್ನು. ಬೇರೆ ಎಂತದೂ ಕಾಣ್ಲಿಲ್ಲ ನಂಗೆ. ತಪ್ಪು ನಂದೇ. ಬೈ, ಹೊಡಿ. ಫೋನು ಮಾತ್ರ ಎತ್ತದೇ ಇರಬ್ಯಾಡ."

ಅವಳು ತುಟಿ ಕಚ್ಚಿದಳು. ಅವನ ಕಣ್ಣ ಕೆಳಗಿನ ಕಪ್ಪು, ಬಿಸಿಲಿಗೆ ಸುಲಿದ ಮೂಗಿನ ತುದಿ, ಎಲ್ಲದರ ಮೇಲೂ ಸಿಟ್ಟು ಬಂತು. ಅದರಡಿಯಲ್ಲಿ ಮತ್ತೊಂದೇನೋ ಉಕ್ಕಿತು.

"ನೌಕರಿ ಬರ್ಲಿ ಅಂತ ಕಾದ್ವಲ್ಲ, ಅದಕ್ಕೇ ಆ ಸಹಾನಿ ಕೈಗೆ ನಾವು ಸಿಕ್ಕಿದ್ದು. ನಂಗೆ ನೌಕರಿ ಅದೆ. ನಿಂಗೆ ದೋಣಿ ಅದೆ. ಇನ್ನು ಕಾಯೂದಿಲ್ಲ ನಾನು. ನಡಿ ಅಗಸೂರಿಗೆ."

"ಈಗಾ? ನಿನ್ ಅಪ್ಪ ಎಂತಾ ಹೇಳ್ತ್ರೋ..."

"ಕೇಳೂಕೆ ಹೋಗೂದಲ್ಲ. ಹೇಳೂಕೆ ಹೋಗೂದು."

ಅವನು ಅವಳನ್ನೇ ನೋಡಿದ. ಎಷ್ಟೋ ದಿನದ ಮೇಲೆ, ಅವಳಿಗಷ್ಟೇ ಕಾಣುವಂತೆ, ಅವನ ತುಟಿಯ ಒಂದು ಕೊನೆ ನಗಲು ಹೊರಟಿತು.

"ಹಂಗಾರೆ ಕ್ಷಮಿಸಿದ್ಯಾ?"

"ಇಲ್ಲ."

ಅಂಕೋಲೆಯ ಬಸ್ಸು ಅರ್ಧ ಖಾಲಿಯಿತ್ತು. ಹೊನ್ನು ಕಿಟಕಿಯ ಪಕ್ಕ ಕುಳಿತಳು. ಅವಸರದಲ್ಲಿ ಶರ್ಟು ಬದಲಿಸಿ ಬಂದ ರೋಷನ, ಮೀನಿನ ವಾಸನೆಗೆ ಅಂಜಿ, ಅದೇ ಸೀಟಿನ ತುದಿಯಲ್ಲಿ, ಬೀಳುವಷ್ಟು ದೂರದಲ್ಲಿ ಕುಳಿತುಕೊಂಡ. ಬಸ್ಸು ಘಟ್ಟದ ತಿರುವಿನಲ್ಲಿ ವಾಲಿತು. ಅವನು ಕಂಬಿ ಹಿಡಿದುಕೊಂಡ.

ಹೊನ್ನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಹತ್ರ ಕೂತ್ಕ," ಎಂದಳು. "ಅಷ್ಟು ದೂರ ಕೂತ್ರೆ ಬೈದದ್ದು ಕೇಳೂದಿಲ್ಲ."